ಕಸುಬು ಬಲ್ಲವರೂ ಕಲಿಸಲು ಕಲಿಯಬೇಕು

ಚೆನ್ನೈನ ತರಮಣಿಯಲ್ಲಿರುವ ರಾಷ್ಟ್ರೀಯ ತಾಂತ್ರಿಕ ಶಿಕ್ಷಕರ ತರಬೇತಿ ಮತ್ತು ಸಂಶೋಧನಾ ಸಂಸ್ಥೆಗೆ ಐಟೆಕ್ ತರಬೇತಿಗೆಂದು ಬರುತ್ತಿದ್ದ ಆಫ್ರಿಕಾ, ಏಷ್ಯಾದ ಶಿಕ್ಷಕರಿಗೆ ಹಲವು ವರ್ಷ ಪಾಠ ಮಾಡಿದ್ದೇನೆ. ಐಟೆಕ್ ಭಾರತ ಸರ್ಕಾರ 1964ರಲ್ಲಿ ಆರಂಭಿಸಿದ ತಾಂತ್ರಿಕ, ಆರ್ಥಿಕ ಸಹಕಾರ ಯೋಜನೆ. ವಿಮಾನದ ಟಿಕೆಟ್, ವಸತಿ, ಶುಲ್ಕ ಎಲ್ಲವನ್ನೂ ವಿದೇಶಾಂಗ ಸಚಿವಾಲಯವೇ ಭರಿಸುತ್ತದೆ.

ಬಂದವರಲ್ಲಿ ಹೆಚ್ಚಿನವರು ಕಸುಬಿನಲ್ಲಿ ಪಳಗಿದವರೇ. ಟಾಂಜಾನಿಯಾದ ಫಿಟ್ಟರ್ ಮೇಷ್ಟ್ರೊಬ್ಬರು ಉಕ್ಕಿನ ತುಂಡನ್ನು ಅರದಿಂದ ಉಜ್ಜಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಮಟ್ಟ ಮಾಡುತ್ತಿದ್ದರು. "ಹೇಗೆ ಮಾಡಿದಿರಿ?" ಎಂದರೆ "ಹೀಗೆ" ಎಂದು ಮತ್ತೊಮ್ಮೆ ಉಜ್ಜಿ ತೋರಿಸುವರು. ಆ ಕೆಲಸವನ್ನು ಅವರೊಂದಿಗೆ ಕೂತು ಬಿಡಿಸಿದೆವು. ವೈಸಿನ ಬಾಯಿ ಮೊಣಕೈ ಮಟ್ಟಕ್ಕಿರಬೇಕು. ಅರ ಮುಂದಕ್ಕೆ ಹೋಗುವಾಗ ಮಾತ್ರ ಒತ್ತಬೇಕು. ಎರಡೂ ಕೈಗಳ ಒತ್ತಡ ಹದ ತಪ್ಪಿದರೆ ಅಂಚು ಸವೆದು ನಡು ಉಬ್ಬುತ್ತದೆ. ಹೀಗೆ ಪ್ರತಿ ಹಂತಕ್ಕೂ ಕಾರಣ ಹೇಳಿ, ಮಾಡಿ ತೋರಿಸಿ, ಹುಡುಗರಿಂದ ಮಾಡಿಸಿ, ಅಲ್ಲಲ್ಲೇ ತಿದ್ದುವುದನ್ನು ಅವರು ರೂಢಿಸಿಕೊಂಡರು. ಕೈಯಲ್ಲಿದ್ದ ವಿದ್ಯೆಗೆ ಮಾತು ಬಂದದ್ದು ಆಗಲೇ.

ಇಥಿಯೋಪಿಯಾದ ಶಿಕ್ಷಕಿಯೊಬ್ಬರು ಕೇಳಿದ ಪ್ರಶ್ನೆ ನನ್ನ ಪಾಠದ ದಿಕ್ಕನ್ನೇ ಬದಲಿಸಿತು: "ಸರ್, ಇಲ್ಲಿನ ವರ್ಕ್‌ಶಾಪ್ ಚೆನ್ನಾಗಿದೆ. ನಮ್ಮಲ್ಲಿ ಇಡೀ ಕ್ಲಾಸಿಗೆ ಎರಡೇ ಲೇತ್. ಊರಿಗೆ ಹೋಗಿ ನಾನು ಹೇಗೆ ಕಲಿಸಲಿ?" ಅವರ ಕ್ಲಾಸನ್ನೇ ಮುಂದಿಟ್ಟುಕೊಂಡು ವೇಳಾಪಟ್ಟಿ ಮಾಡಿದೆವು. ಒಂದು ಗುಂಪು ಲೇತಿನಲ್ಲಿರುವಾಗ ಇನ್ನೊಂದು ಮಾರ್ಕಿಂಗ್ ಮಾಡಲಿ, ಮತ್ತೊಂದು ವರ್ನಿಯರ್ ಹಿಡಿದು ಅಳತೆ ತೆಗೆಯಲಿ, ಆಮೇಲೆ ಸರದಿ ಬದಲಾಗಲಿ. ಅಲ್ಲಿಂದಾಚೆಗೆ ಪ್ರತಿಯೊಬ್ಬರೂ ತಮ್ಮ ಊರಿನ ವರ್ಕ್‌ಶಾಪಿಗೆ ಹೊಂದುವ ಪಾಠಯೋಜನೆ ಬರೆಯುವುದೇ ತರಬೇತಿಯ ಮುಖ್ಯ ಕೆಲಸವಾಯಿತು.

ಭಾರತದವರಾದ ನಾವೂ ಹೀಗೆ ಹೊರದೇಶಗಳ ನೆರವಿನಿಂದ ಕಲಿತೇ ಬೆಳೆದವರು. ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ 1959ರಲ್ಲಿ ಎನ್‌ಟಿಟಿಎಫ್ ಎಂಬ ತಾಂತ್ರಿಕ ತರಬೇತಿ ಸಂಸ್ಥೆ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ನೆರವಿನಿಂದ. ಬೆಂಗಳೂರಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) 1972ರಲ್ಲಿ ತಲೆಯೆತ್ತಿದ್ದು ಡೆನ್ಮಾರ್ಕಿನ ಸಹಕಾರದಿಂದ. ಆ ಕಾಲದ ಯಂತ್ರಗಳು ಹಳತಾದವು. ಅಲ್ಲಿ ತಯಾರಾದ ಬೋಧಕರು ಮುಂದಿನವರನ್ನು ತಯಾರು ಮಾಡಿದ್ದರಿಂದ ಸಂಸ್ಥೆಗಳು ಉಳಿದು ಬೆಳೆದವು. ಜಿಟಿಟಿಸಿ ಈಗ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಕೇಂದ್ರ ನಡೆಸುತ್ತಿದೆ.

ನೆರವು ಕೊಡುವ ದೇಶಗಳು ಯಂತ್ರಕ್ಕೆ ಹಣ ಕೊಡುವಾಗ ಬೋಧಕರ ತರಬೇತಿಗೂ ಅಷ್ಟೇ ಗಮನ ಕೊಡಬೇಕು. ಪ್ರಮಾಣಪತ್ರ ಕೊಟ್ಟು ಕಳಿಸಿದ ಮೇಲೂ ಸಂಬಂಧ ಕಡಿಯಬಾರದು. ತರಬೇತಿ ಕೊಟ್ಟವರು ಆ ಶಿಕ್ಷಕರ ವರ್ಕ್‌ಶಾಪಿಗೇ ಹೋಗಿ, ಪಾಠ ನೋಡಿ, ಜೊತೆಗೆ ನಿಂತು ತಿದ್ದುವ ವ್ಯವಸ್ಥೆ ಪ್ರತಿ ಒಪ್ಪಂದದಲ್ಲೂ ಇರಲಿ. ಭಾರತ ಕೊಡುವ ನೆರವಿನಿಂದಲೇ ಇದು ಶುರುವಾಗಲಿ.