ಜೀಪಿಗೆ ಬೇರೆ ಉಕ್ಕಿನ ಚಕ್ರ ಜೋಡಿಸುವ ಕ್ರಮ

ತಳಿ, ದೇಂಕಣಿಕೋಟೆ, ಅಂಚೆಟ್ಟಿ ಕಡೆಯ ಕಲ್ಲುದಾರಿಗಳಲ್ಲಿ ಜೀಪು, ಬೊಲೆರೊ ಓಡಿಸುವ ರೈತ ಬಾಂಧವರಲ್ಲಿ ಕೆಲವರು ಗಾಡಿಯೊಡನೆ ಬಂದ ಚಕ್ರಗಳನ್ನು ತೆಗೆದು, ಅಂಗಡಿಯಿಂದ ಬೇರೆ ಉಕ್ಕಿನ ಚಕ್ರಗಳನ್ನು ತಂದು ಹಾಕಿಸುವುದುಂಟು. ತಪ್ಪೇನಿಲ್ಲ. ಬಂಡೆಗೆ ಬಡಿದರೆ ಅಲಾಯ್ ಚಕ್ರ ಸೀಳಬಹುದು. ಉಕ್ಕಿನದು ಹೆಚ್ಚಾಗಿ ಬಾಗುತ್ತದೆಯಷ್ಟೆ. ಆದರೆ ಜೋಡಣೆ ಕೆಟ್ಟರೆ ಇಳಿಜಾರಿನಲ್ಲಿ ಚಕ್ರವೇ ಕಳಚೀತು. ಆಗ ಒಳಗೆ ಕುಳಿತವರ ಗತಿಯೇನು?

ಮೊದಲು ಅಳತೆ. ಬೊಲೆರೊ, ಜಿಪ್ಸಿ, ಹಳೆಯ ವಿಲ್ಲೀಸ್ ಜೀಪು ಇವೆಲ್ಲಕ್ಕೂ ಐದೈದು ಬೋಲ್ಟುಗಳು. ಬೋಲ್ಟುಗಳ ವೃತ್ತದ ಅಡ್ಡಳತೆ 5½ ಅಂಗುಲ. ಇಷ್ಟರಿಂದಲೇ ಒಂದರ ಚಕ್ರ ಇನ್ನೊಂದಕ್ಕೆ ಒಗ್ಗುವುದೆಂದು ತಿಳಿಯಬಾರದು. ಒಳಕ್ಕೆ ಬಂದು ಬ್ರೇಕಿಗೆ ತಗುಲಬಾರದು. ಹೊರಕ್ಕೆ ಹೆಚ್ಚು ಚಾಚಿದರೆ ಬೇರಿಂಗಿಗೆ ಪೆಟ್ಟು. ಗಾಡಿಯ ಹೊರೆಯನ್ನು ತಾಳುವ ಚಕ್ರವೇ ಎಂಬುದನ್ನೂ ಕೇಳಿ ತಿಳಿಯತಕ್ಕದ್ದು.

ಎತ್ತಿನ ಗಾಡಿಯ ಕಡಾಣಿಯಂತೆ ಬೋಲ್ಟೇ ಚಕ್ರವನ್ನು ತಡೆದು ನಿಲ್ಲಿಸುವುದೆಂದು ಹಲವರ ಭಾವನೆ. ಹಾಗಲ್ಲ. ನಟ್ಟು ಬಿಗಿದಾಗ ಚಕ್ರದ ಮುಖವೂ ಅದು ಕೂರುವ ಹಬ್‌ನ ಮುಖವೂ ಒಂದನ್ನೊಂದು ಒತ್ತಿ ಹಿಡಿಯುತ್ತವೆ; ಆ ಹಿಡಿತವೇ ಆಧಾರ. ನಡುವೆ ತುಕ್ಕು, ಕೆಮ್ಮಣ್ಣು, ದಪ್ಪ ಬಣ್ಣವಿದ್ದರೆ ಓಡುತ್ತ ಓಡುತ್ತ ಅದು ನುರಿದು ನಟ್ಟು ಸಡಿಲುತ್ತದೆ. ಆದುದರಿಂದ ತಂತಿ ಬ್ರಷ್ಷಿನಿಂದ ಎರಡು ಮುಖಗಳನ್ನೂ ಉಜ್ಜಿ ತೆಗೆಯಬೇಕು. ಚೆಂದಕ್ಕೆಂದು ಹೊಸ ಚಕ್ರಕ್ಕೆ ಬಣ್ಣದ ಮೇಲೆ ಬಣ್ಣ ಬಳಿಸುವವರು ಈ ಜಾಗವನ್ನು ಬಿಟ್ಟು ಬಳಿಸಲಿ.

ಅಲಾಯ್ ಚಕ್ರದ ನಟ್ಟು ಉಕ್ಕಿನದಕ್ಕೆ ಹೊಂದದಿರಬಹುದು. ನಟ್ಟಿನ ಇಳಿಜಾರು ಮುಖವು ಚಕ್ರದ ತೂತಿನ ಅಂಚಿನಲ್ಲಿ ಸುತ್ತಲೂ ಸಮವಾಗಿ ಕೂರಬೇಕು. ವಾಷರು ತುರುಕಿ ಸರಿಮಾಡುವುದು ಕೆಟ್ಟ ಪದ್ಧತಿ. ಸ್ಟೆಪ್ನಿ ಅಲಾಯಿನದೇ ಉಳಿದಿದ್ದರೆ ಅದರ ನಟ್ಟುಗಳೂ ಗಾಡಿಯಲ್ಲಿರಲಿ.

ಐದು ನಟ್ಟುಗಳನ್ನೂ ಮೊದಲು ಕೈಯಿಂದಲೇ ತಿರುಗಿಸಿ, ಅನಂತರ ನಕ್ಷತ್ರ ಬರೆಯುವಂತೆ ಒಂದು ಬಿಟ್ಟು ಒಂದನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕಡೆಯ ಬಿಗಿತ ಜಾಕಿ ಇಳಿಸಿದ ಮೇಲೆ, ಗಾಡಿಯ ಪುಸ್ತಕ ಹೇಳಿದಷ್ಟು, ಟಾರ್ಕ್ ಸ್ಪ್ಯಾನರಿನಿಂದ. ಕೊಳವೆ ತೂರಿಸಿ ಮೇಲೆ ಹತ್ತಿ ತುಳಿಯುವ ಶೂರತನದಿಂದ ಬೋಲ್ಟು ಹಿಗ್ಗಿ ಕೆಡುತ್ತದೆ. ವಿಲ್ಲೀಸ್ ಉಳ್ಳವರಿಗೆ ಇನ್ನೊಂದು ಮಾತು: ಅದರ ಎಡಗಡೆಯ ಚಕ್ರಗಳಿಗೆ ಎಡ ತಿರುಪು, ಬಿಚ್ಚಲು ಬಲಕ್ಕೆ ತಿರುಗಿಸಬೇಕು.

50ರಿಂದ 100 ಕಿಲೋಮೀಟರು ಓಡಿದ ಮೇಲೆ ಬಿಗಿತವನ್ನು ಮತ್ತೆ ನೋಡಿರಿ. ನಟ್ಟಿನ ಸುತ್ತ ತುಕ್ಕಿನ ಗೆರೆ ಕಂಡರೆ, ಚಕ್ರ ಟಕಟಕ ಎಂದರೆ ಅಲ್ಲಿಯೇ ನಿಲ್ಲಿಸಿರಿ. ಸೀಳಿದ ಚಕ್ರವನ್ನು ಬೆಸುಗೆ ಹಾಕಿಸಿ ಮತ್ತೆ ಓಡಿಸಬೇಡಿರಿ, ಗುಜರಿಗೆ ಕೊಡಿರಿ.