ಕೈಯಿಂದ ನಡೆಯುವ ಕ್ಯಾಮೆರಾದ ಖರ್ಚಿನ ಲೆಕ್ಕ

ಮ್ಯಾನುಯಲ್ ಕ್ಯಾಮೆರಾದಲ್ಲಿ ಫೋಕಸ್, ಶಟರ್ ವೇಗ, ಬೆಳಕಿನ ಕಿಂಡಿಯ ಅಗಲ ಮೂರನ್ನೂ ಚಿತ್ರ ತೆಗೆಯುವವರೇ ಹೊಂದಿಸಬೇಕು. ಈ ಬಗೆಯಲ್ಲಿ ಹೆಸರಾದದ್ದು ಪೆಂಟ್ಯಾಕ್ಸ್ ಕೆ1000. 1976ರಲ್ಲಿ ಮಾರುಕಟ್ಟೆಗೆ ಬಂದ ಇದು 1997ರವರೆಗೂ ತಯಾರಾಯಿತು. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಅದು ತೀರಿದರೂ ಶಟರ್ ನಡೆಯುತ್ತದೆ. ಹೊಸ ಮಿರರ್‌ಲೆಸ್ ಕ್ಯಾಮೆರಾ ಎದುರಿನವರ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ, ಸೆಕೆಂಡಿಗೆ ಹತ್ತಾರು ಚಿತ್ರ ತೆಗೆಯುತ್ತದೆ. ಆ ವೇಗದಿಂದ ಮನೆಗೆ ದುಡ್ಡು ಬರುತ್ತದೆಯೇ ಎಂಬುದರ ಮೇಲೆ ಎರಡರ ನಡುವಣ ಆಯ್ಕೆ ನಿಂತಿದೆ.

ರಬಕವಿ-ಬನಹಟ್ಟಿಯ ನೇಕಾರರಿಗೆ ಈ ಲೆಕ್ಕ ಹೊಸದಲ್ಲ. ಸೀರೆ ಹೆಚ್ಚು ನೇಯ್ದಷ್ಟೂ ಮಜೂರಿ ಹೆಚ್ಚು, ಹಾಗಾಗಿ ಪಾವರ್‌ಲೂಮ್ ತನ್ನ ಸಾಲವನ್ನು ತಾನೇ ತೀರಿಸಬಲ್ಲದು. ಮದುವೆ ಫೋಟೊ ತೆಗೆಯುವವರ ಮಾತೂ ಅಷ್ಟೇ. ಅಕ್ಷತೆ ಬೀಳುವ ಗಳಿಗೆ ಎರಡನೇ ಸಲ ಬರುವುದಿಲ್ಲ. ಜಮಖಂಡಿಯ ಸ್ಟುಡಿಯೊ ಮಾಲೀಕರಿಗೆ ಕೆ1000 ಕೊಳ್ಳಿರೆಂದು ಹೇಳುವುದು ಕೆಟ್ಟ ಸಲಹೆ. ಮನೆಮಂದಿ, ಹೊಲ, ಜಾತ್ರೆಗಳ ಚಿತ್ರವನ್ನು ಪ್ರೀತಿಗಾಗಿ ತೆಗೆಯುವವರ ಸಂಗತಿ ಬೇರೆ.

ಅಂಥವರು ದುಬಾರಿ ಕ್ಯಾಮೆರಾವನ್ನು ಸಾಮಾನ್ಯವಾಗಿ ಕಂತಿನ ಮೇಲೆ ಕೊಳ್ಳುತ್ತಾರೆ. ಕಂತು ತಿಂಗಳಿಗೊಮ್ಮೆ ಬರುತ್ತದೆ. ಮುಧೋಳದ ರೈತರಿಗೆ ಕಬ್ಬಿನ ಬಿಲ್ಲು ಬರುವುದು ಕಾರ್ಖಾನೆ ಕಬ್ಬು ನುರಿಸುವ ಹಂಗಾಮಿನಲ್ಲಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪಡೆದ 14 ದಿನಗಳಲ್ಲಿ ಹಣ ಸಲ್ಲಬೇಕಾದರೂ ಬಾಕಿ ಉಳಿಯುವುದು ಹೊಸತೇನಲ್ಲ. ಆದಾಯ ಹಂಗಾಮಿನದು, ಕಂತು ತಿಂಗಳಿನದು ಆದಾಗ ಹವ್ಯಾಸದ ಸಾಲ ಬೀಜ-ಗೊಬ್ಬರದ ಹಣಕ್ಕೆ ಕೈಹಾಕುತ್ತದೆ. ಕೈಯಲ್ಲಿರುವ ರೊಕ್ಕದಲ್ಲಿ ಮುಗಿಯುವ ಖರೀದಿಯ ದೊಡ್ಡ ಗುಣ ಇದರಿಂದ ಕಾಣುತ್ತದೆ.

ಒಂದು ಊಹೆಯ ಲೆಕ್ಕ ನೋಡಬಹುದು. ಲೆನ್ಸ್ ಸಹಿತ ಹೊಸ ಮಿರರ್‌ಲೆಸ್ ಕ್ಯಾಮೆರಾಕ್ಕೆ 1,20,000 ರೂಪಾಯಿ ಕೊಟ್ಟು, ಐದು ವರ್ಷದ ಮೇಲೆ 48,000ಕ್ಕೆ ಮಾರಿದರೆ ಇಳಿದ ಬೆಲೆ 72,000, ವರ್ಷಕ್ಕೆ 14,400. ಬಳಸಿದ ಮ್ಯಾನುಯಲ್ ಕ್ಯಾಮೆರಾವನ್ನು 15,000ಕ್ಕೆ ಕೊಂಡು 12,000ಕ್ಕೆ ಮಾರಿದರೆ ವರ್ಷಕ್ಕೆ 600 ಮಾತ್ರ. ಹಳೆಯ ಕ್ಯಾಮೆರಾದ ಬೆಲೆ ಇಳಿಯಬೇಕಾದಷ್ಟು ಮೊದಲೇ ಇಳಿದಿರುತ್ತದೆ. ಆದರೆ ಅದು ಫಿಲ್ಮ್ ತಿನ್ನುತ್ತದೆ. 36 ಚಿತ್ರಗಳ ಒಂದು ರೋಲ್, ತೊಳೆಯುವಿಕೆ, ಸ್ಕ್ಯಾನ್ ಸೇರಿ 1,400 ರೂಪಾಯಿ ಎಂದುಕೊಂಡರೆ ಚಿತ್ರವೊಂದಕ್ಕೆ ಸುಮಾರು 39 ರೂಪಾಯಿ. ವರ್ಷಕ್ಕೆ ಒಂಬತ್ತು ರೋಲ್‌ವರೆಗೆ ಫಿಲ್ಮ್ ಅಗ್ಗ. ಹತ್ತಾದರೆ ಹೊಸ ಕ್ಯಾಮೆರಾವೇ ಅಗ್ಗ. ಕ್ಯಾಮೆರಾದ ಬೆಲೆಯನ್ನಷ್ಟೇ ನೋಡಿ ಬೀಗುವವರು ಮರೆಯುವುದು ಈ ಅಂಕಿಯನ್ನು.

ಫಿಲ್ಮ್‌ನ ಬೆಲೆಗೆ ಒಂದು ಕಾರಣವಿದೆ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಫಿಲ್ಮ್ ಮಾರುತ್ತಿತ್ತು. ಅದು ಮುಚ್ಚಿದ ಮೇಲೆ ಫಿಲ್ಮ್‌ಗೆ ಆಮದೇ ಗತಿ, ಡಾಲರ್ ಏರಿದರೆ ರೋಲ್‌ನ ಬೆಲೆಯೂ ಏರುತ್ತದೆ.

ಈ ಅಂಕಣಕಾರರು ವರ್ಷಗಳಿಂದ ಬಳಸುತ್ತಿರುವುದು ಕೆ1000 ಮತ್ತು ಒಂದೇ ಒಂದು 50 ಎಂಎಂ ಲೆನ್ಸ್. ಬಯಲುಸೀಮೆಯ ನಿಚ್ಚಳ ಬಿಸಿಲಿನಲ್ಲಿ ಮೀಟರಿನ ಹಂಗೇ ಬೇಡ: ಕಿಂಡಿ ಎಫ್/16ಕ್ಕೆ, 200 ಐಎಸ್‌ಒ ಫಿಲ್ಮ್ ಇದ್ದರೆ ಶಟರ್ 1/250ಕ್ಕೆ. ಮಗ್ಗದ ಮನೆಯ ಒಳಗೆ ಈ ಸೂತ್ರ ನಡೆಯದು; ಅಲ್ಲಿ 400 ಐಎಸ್‌ಒ ಫಿಲ್ಮ್, ಪೂರ್ತಿ ತೆರೆದ ಕಿಂಡಿ ಬೇಕು. ಒಂದೊಂದು ಚಿತ್ರಕ್ಕೂ ಬೆಲೆಯಿದೆ ಎಂಬ ಅರಿವು ಅವರ ಕೈಯನ್ನು ಬಿಗಿಹಿಡಿದಿದೆ. ಲೆನ್ಸ್ ಮೇಲೆ ಲೆನ್ಸ್ ಕೊಳ್ಳುವ ಚಪಲವೂ ಅದರಿಂದಲೇ ತಗ್ಗಿದೆ. ಉಳಿತಾಯದ ದೊಡ್ಡ ಪಾಲು ಬಂದದ್ದು ಅಲ್ಲಿಂದ.

ಫಿಲ್ಮ್‌ನ ಖರ್ಚು ಹೊರೆ ಎನಿಸುವವರಿಗೆ ಮೂರನೆಯ ದಾರಿಯಿದೆ: ಬಳಸಿದ ಡಿಎಸ್‌ಎಲ್‌ಆರ್ ಕೊಂಡು ಅದನ್ನು ಮ್ಯಾನುಯಲ್ ಮೋಡ್‌ನಲ್ಲೇ ನಡೆಸುವುದು. 25,000ಕ್ಕೆ ಕೊಂಡದ್ದು ಐದು ವರ್ಷದಲ್ಲಿ 10,000ಕ್ಕೆ ಇಳಿದರೂ ವರ್ಷಕ್ಕೆ 3,000, ರೋಲ್‌ನ ಖರ್ಚಿಲ್ಲ. ಹೆಚ್ಚಿನ ಕುಟುಂಬಗಳಿಗೆ ಇದೇ ಸರಿ.

ಫಿಲ್ಮ್‌ಗೆ ಉಳಿಯುವ ಒಂದು ಗಟ್ಟಿ ವಾದವೆಂದರೆ ನೆಗೆಟಿವ್. ಆಲಮಟ್ಟಿ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳು ಮುಳುಗಿದವು. ಅಂಥ ಊರಿನ ಮನೆ, ಗುಡಿ, ಕಟ್ಟೆ ಹಳೆಯ ನೆಗೆಟಿವ್‌ಗಳಲ್ಲಿದ್ದರೆ ಅವನ್ನು ಇಂದಿಗೂ ಪ್ರಿಂಟ್ ಹಾಕಿಸಬಹುದು. ಕ್ಲೌಡ್‌ನಲ್ಲಿ ಹೆಚ್ಚಿನ ಜಾಗ ಬೇಕೆಂದರೆ ತಿಂಗಳ ಬಾಡಿಗೆ ಕಟ್ಟಬೇಕು. ನೆಗೆಟಿವ್‌ಗೆ ಒಣ ಡಬ್ಬಿ, ಒಂದಿಷ್ಟು ಸಿಲಿಕಾ ಜೆಲ್ ಸಾಕು.

ಹಳೆಯ ಕ್ಯಾಮೆರಾ ಕೊಳ್ಳುವಾಗ ಲೆನ್ಸನ್ನು ಬೆಳಕಿಗೆ ಹಿಡಿದು ಜೇಡರ ಬಲೆಯಂಥ ಬೂಷ್ಟು ಇದೆಯೇ ನೋಡಬೇಕು. ಒಂದು ಸೆಕೆಂಡಿನಿಂದ 1/1000ರವರೆಗೆ ಪ್ರತಿ ವೇಗದಲ್ಲೂ ಶಟರ್ ಹೊಡೆದು ಕೇಳಬೇಕು. ಹಿಂಬದಿ ಮುಚ್ಚಳದ ಕಪ್ಪು ಸ್ಪಂಜು ಪುಡಿಯಾಗಿದ್ದರೆ ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು. ರೋಲ್‌ಗಳನ್ನು ನಗರದ ಲ್ಯಾಬಿಗೆ ಒಂದೊಂದಾಗಿ ಕಳಿಸದೆ ಮೂರು-ನಾಲ್ಕು ಒಟ್ಟಿಗೆ ಕಳಿಸಿದರೆ ಕೊರಿಯರ್ ಖರ್ಚು ಹಂಚಿಹೋಗುತ್ತದೆ. ಬೇಸಿಗೆಯಲ್ಲಿ ಮಾತ್ರ ಮುಗಿದ ರೋಲನ್ನು ಬಿಸಿಲು ತಾಗುವ ಕಡೆ ಹೆಚ್ಚು ದಿನ ಇಡಬಾರದು.