ಗರ್ಭಿಣಿಯರ ಖಿನ್ನತೆ: ಗಿಡಮೂಲಿಕೆಯೂ ಔಷಧವೇ

ಐದು ತಿಂಗಳ ಗರ್ಭಿಣಿಯೊಬ್ಬರನ್ನು ಅವರ ಅತ್ತೆಯವರು ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ನಿದ್ರೆಯಿಲ್ಲ, ಅನ್ನ ರುಚಿಸದು, ಕಾರಣವಿಲ್ಲದೆ ಅಳು. ಮನೋವೈದ್ಯರು ಕೊಟ್ಟ ಮಾತ್ರೆಯಿಂದ ಮಗುವಿಗೆ ಕೆಡುಕಾದೀತೆಂದು ಅದನ್ನು ತಾವೇ ನಿಲ್ಲಿಸಿ, ಪರಿಚಿತರು ಹೇಳಿದ ಅಶ್ವಗಂಧ ಚೂರ್ಣವನ್ನು ಸೇವಿಸುತ್ತಿದ್ದರು. “ಗಿಡಮೂಲಿಕೆಯಲ್ಲವೇ, ಅದರಿಂದೇನು ತೊಂದರೆ?” ಎಂದರು ಅತ್ತೆ. ಸದ್ಭಕ್ತರಲ್ಲಿ ಅನೇಕರು ಇದನ್ನೇ ಕೇಳುವುದರಿಂದ ಇಲ್ಲಿ ಉತ್ತರಿಸುತ್ತಿದ್ದೇನೆ.

ಗುಣಪಡಿಸುವ ಶಕ್ತಿಯುಳ್ಳ ದ್ರವ್ಯಕ್ಕೆ ಕೆಡಿಸುವ ಶಕ್ತಿಯೂ ಇರಬಲ್ಲದು. ತಾಯಿ ಸೇವಿಸಿದ ಔಷಧದ ಅಂಶಗಳು ಮಾಸುವಿನ ಮೂಲಕ ಶಿಶುವನ್ನೂ ತಲಪಬಹುದು. ಹೆಚ್ಚಿನ ಪ್ರಮಾಣದ ಅಶ್ವಗಂಧದಿಂದ ಗರ್ಭಪಾತದ ಭೀತಿಯಿರುವ ಕಾರಣ ಗರ್ಭಿಣಿಯರು ಅದನ್ನು ವರ್ಜಿಸಬೇಕೆಂಬ ಎಚ್ಚರಿಕೆಯಿದೆ. ಜಟಾಮಾಂಸಿ, ಶಂಖಪುಷ್ಪಿಗಳು ಗರ್ಭಿಣಿಯರಿಗೆ ನಿರಪಾಯವೆಂದು ಹೇಳಲು ಸಾಕಷ್ಟು ಅಧ್ಯಯನಗಳಿಲ್ಲ. ಐರೋಪ್ಯ ಮೂಲಿಕೆಯಾದ ಸೇಂಟ್ ಜಾನ್ಸ್ ವರ್ಟ್ ಯಕೃತ್ತಿನ ಕಾರ್ಯವನ್ನು ಬದಲಿಸಿ ಅನೇಕ ಔಷಧಗಳ ಬಲವನ್ನು ಕುಗ್ಗಿಸುತ್ತದೆ; ಖಿನ್ನತೆಯ ಮಾತ್ರೆಗಳೊಡನೆ ಬೆರೆತರೆ ಮೆದುಳಿನಲ್ಲಿ ಸೆರೊಟೋನಿನ್ ಅತಿಯಾಗಿ ಪ್ರಾಣಾಪಾಯವೂ ಒದಗಬಹುದು. ಸೀಸ, ಪಾದರಸಗಳು ಸೇರಿದ ಕಳಪೆ ಔಷಧಗಳಂತೂ ಶಿಶುವಿನ ಮೆದುಳಿಗೇ ಹಾನಿ.

ಹಾಗೆಂದು ಖಿನ್ನತೆಯನ್ನು ಉಪೇಕ್ಷಿಸುವುದು ಪರಿಹಾರವಲ್ಲ. ತುಂಬಿದ ಎಣ್ಣೆಯ ಪಾತ್ರೆಯನ್ನು ತುಳುಕಿಸದೆ ಒಯ್ಯುವಂತೆ ಗರ್ಭಿಣಿಯನ್ನು ಉಪಚರಿಸಬೇಕೆನ್ನುವ ಚರಕಾಚಾರ್ಯರು, ಗರ್ಭವನ್ನು ನಿಲ್ಲಿಸುವ ಸಂಗತಿಗಳಲ್ಲಿ ಮನಃಪ್ರಸನ್ನತೆಗೇ ಅಗ್ರಸ್ಥಾನವನ್ನಿತ್ತಿದ್ದಾರೆ. ಚಿಕಿತ್ಸೆಯಿಲ್ಲದ ಖಿನ್ನತೆಯಿಂದ ತಾಯಿ ಆಹಾರ ನಿದ್ರೆಗಳನ್ನು ಕಳೆದುಕೊಳ್ಳುತ್ತಾಳೆ. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವೂ ಹೆಚ್ಚುತ್ತದೆ. ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ರೋಗ ಮರುಕಳಿಸಬಹುದು. ಗರ್ಭಿಣಿಯರಿಗೆ ಕೊಡಬಹುದಾದ ಮಾತ್ರೆಗಳೂ ಇವೆ. ಅವುಗಳ ಆಯ್ಕೆ ಮನೋವೈದ್ಯರದು, ಪ್ರಸೂತಿ ತಜ್ಞರದು. ಮಾತುಕತೆಯ ಚಿಕಿತ್ಸೆಯಿಂದಲೇ ಚೇತರಿಸಿಕೊಳ್ಳುವವರೂ ಉಂಟು.

ಆದುದರಿಂದ ಈ ನಿಯಮಗಳನ್ನು ಪಾಲಿಸಿರಿ. ಬೇಸರ, ನಿರಾಸಕ್ತಿಗಳು 2 ವಾರ ಮೀರಿದರೆ ವೈದ್ಯರನ್ನು ಕಾಣಿರಿ. ಸೇವಿಸುತ್ತಿರುವ ಚೂರ್ಣ, ಲೇಹ್ಯ, ಕಷಾಯಗಳನ್ನೆಲ್ಲ ಮುಚ್ಚಿಡದೆ ಹೇಳಿರಿ. ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬೇಡಿರಿ. ಸಾಯುವ ಮಾತು ಬಾಯಿಗೆ ಬಂದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯವಿದೆ.

ಆ ದಿನ ನಾನು ಚೂರ್ಣವನ್ನು ನಿಲ್ಲಿಸಿ, ಅವರ ಮನೋವೈದ್ಯರೊಡನೆ ಮಾತನಾಡಿ, ಅವರಲ್ಲಿಗೇ ಕಳುಹಿಸಿದೆ. ಅತ್ತೆಯವರಿಗೆ ನಾನು ಬರೆದುಕೊಟ್ಟ ಔಷಧ ಒಂದೇ: ಸೊಸೆಯ ಪಕ್ಕದಲ್ಲಿ ದಿನವೂ ಅರ್ಧ ತಾಸು ಕುಳಿತು, ಬುದ್ಧಿವಾದ ಹೇಳದೆ, ಅವಳ ಮಾತನ್ನು ಕೇಳುವುದು. ಇದರಿಂದ ಯಾವ ಗರ್ಭಿಣಿಗೂ ಅಪಾಯವಿಲ್ಲ.